ಖಾಲಿ ಬ್ರೌಸರಿಗೆ ನೂರಕ್ಕೆ ನೂರು

ರೇಷನ್ ಕಾರ್ಡಿಗೆ ಬೆರಳಚ್ಚು ಕೊಡುವ ಇ-ಕೆವೈಸಿಯ ಗಡುವು, ಅದರ ವಿಸ್ತರಣೆ, ಮತ್ತೆ ಗಡುವು. ಇದನ್ನೆಲ್ಲ ನೀವೂ ಓದಿದ್ದೀರಿ, ಮತ್ತೆ ಒದರುವುದಿಲ್ಲ. ನನಗೆ ಸಿಟ್ಟು ಬಂದದ್ದು ಈ ವಾರ ಶಿರಸಿಯ ಒಂದು ಸೇವಾ ಕೇಂದ್ರದಲ್ಲಿ. ಸರದಿಯಲ್ಲಿ ನನ್ನ ಮುಂದಿದ್ದ ಹೆಂಗಸಿನ ಬೆರಳುಗಳು ಚೊಗರು ಹಿಡಿದು ಕಪ್ಪಾಗಿದ್ದವು. "ಅಡಿಕೆ ಸುಲಿದು ಸುಲಿದು ಗೆರೆಯೆಲ್ಲ ಸವೆದಿದೆ ಅಮ್ಮಾ, ಎಣ್ಣೆ ಹಚ್ಕೊಂಡು ನಾಳೆ ಬನ್ನಿ" ಎಂದಳು ಕಂಪ್ಯೂಟರಿನ ಮುಂದಿನ ಹುಡುಗಿ. ತಪ್ಪೆಲ್ಲ ತನ್ನದೇ ಎಂಬಂತೆ ಆ ಹೆಂಗಸು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ನಾನು ಇಣುಕಿ ನೋಡಿದರೆ ಪರದೆಯ ಮೇಲೆ ಬೆರಳಿನ ಸುದ್ದಿಯೇ ಇಲ್ಲ. 'ಡಿವೈಸ್ ನಾಟ್ ಫೌಂಡ್' ಎಂದಿತ್ತು. ಬೆರಳಚ್ಚು ಯಂತ್ರದ ಗಾಜಿನಡಿಯ ದೀಪ ಹೊತ್ತಿಯೇ ಇರಲಿಲ್ಲ.

ಜೊತೆಗೆ ನನ್ನ ಸೋದರಳಿಯನಿದ್ದ. ಕೊರೋನಾದಲ್ಲಿ ಬೆಂಗಳೂರು ಬಿಟ್ಟು ಬಂದವನು ಯಲ್ಲಾಪುರದ ಕಡೆಯ ಮನೆಯ ಅಟ್ಟದಲ್ಲೇ ಕೂತು ಕಂಪನಿಯೊಂದಕ್ಕೆ ವೆಬ್‌ಸೈಟುಗಳ ಟೆಸ್ಟಿಂಗ್ ಮಾಡುತ್ತಾನೆ. ಹುಡುಗಿ ಆಗಲೇ ಯುಎಸ್‌ಬಿ ಕಿತ್ತು ಸಿಕ್ಕಿಸಿ, ಗಾಜು ಒರೆಸಿ, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ ಸೋತಿದ್ದಳು. ಇವನು ಬ್ರೌಸರಿನ ವಿಳಾಸಪಟ್ಟಿಯ ಎಡತುದಿಯ ಚಿಹ್ನೆ ಒತ್ತಿದ. 'ಲೋಕಲ್ ನೆಟ್‌ವರ್ಕ್' ಎಂಬಲ್ಲಿ ಬ್ಲಾಕ್ ಆಗಿತ್ತು. ಅಲೌ ಮಾಡಿದ, ಪುಟ ಮತ್ತೆ ತೆರೆದ, ದೀಪ ಹೊತ್ತಿತು. ಆ ಹೆಂಗಸಿನ ಬೆರಳು ಮೊದಲ ಸಲಕ್ಕೇ ಪಾಸು.

ಆದದ್ದು ಇಷ್ಟು. ಹಿಂದೆ ಬೆರಳಚ್ಚು ಯಂತ್ರವಿರಲಿ, ಡಿಜಿಟಲ್ ಸಹಿಯ ಟೋಕನ್ ಇರಲಿ, ಬ್ರೌಸರಿನ ಜೊತೆ ಮಾತಾಡುತ್ತಿದ್ದದ್ದು ಜಾವಾ ಅಥವಾ ಆಕ್ಟಿವ್‌ಎಕ್ಸ್ ಎಂಬ ಪ್ಲಗಿನ್ ಮೂಲಕ. 2015ರ ಸೆಪ್ಟೆಂಬರಿನಲ್ಲಿ ಕ್ರೋಮ್ 45 ಅಂಥ ಹಳೇ ಪ್ಲಗಿನ್‌ಗಳನ್ನು ಹೊರಹಾಕಿತು, 2017ರಲ್ಲಿ ಫೈರ್‌ಫಾಕ್ಸ್ 52 ಫ್ಲ್ಯಾಶ್ ಒಂದನ್ನುಳಿದು ಮಿಕ್ಕದ್ದಕ್ಕೆಲ್ಲ ಬಾಗಿಲು ಹಾಕಿತು. 2022ರ ಜೂನ್ 15ಕ್ಕೆ ಇಂಟರ್ನೆಟ್ ಎಕ್ಸ್‌ಪ್ಲೋರರಿನ ಕಥೆಯೂ ಮುಗಿಯಿತು. ಈಗ ಆ ಕೆಲಸಕ್ಕೆ ಆರ್‌ಡಿ ಸರ್ವಿಸ್ ಎಂಬ ಪುಟ್ಟ ತಂತ್ರಾಂಶ ಕಂಪ್ಯೂಟರಿನೊಳಗೇ ಕೂತಿರುತ್ತದೆ. ವೆಬ್‌ಪುಟವು 127.0.0.1 ಎಂಬ ಒಳವಿಳಾಸಕ್ಕೆ ಹೋಗಿ, 11100ರಿಂದ 11120ರವರೆಗಿನ ಪೋರ್ಟುಗಳನ್ನು ಮನೆಮನೆ ಬಾಗಿಲು ಬಡಿದಂತೆ ಬಡಿದು, ಯಂತ್ರ ಎಲ್ಲಿದೆ ಎಂದು ವಿಚಾರಿಸುತ್ತದೆ. 2025ರ ಅಕ್ಟೋಬರ್ ಕೊನೆಗೆ ಬಂದ ಕ್ರೋಮ್ 142, ಹೀಗೆ ಬಡಿಯಲು ಬಿಡಲೇ ಎಂದು ಬಳಕೆದಾರರನ್ನು ಕೇಳತೊಡಗಿತು. ಕಂಡಕಂಡ ಜಾಲತಾಣ ನಮ್ಮ ಪ್ರಿಂಟರು, ರೂಟರುಗಳನ್ನು ಕೆದಕಬಾರದೆಂದು ಮಾಡಿದ ಒಳ್ಳೆಯ ಏರ್ಪಾಡೇ. ಆದರೆ ಗೊತ್ತಿಲ್ಲದ್ದು ಏನು ಕೇಳಿದರೂ ಬ್ಲಾಕ್ ಒತ್ತು ಎಂದು ನಾವೇ ಕಲಿಸಿದ ಹುಡುಗಿ ಬ್ಲಾಕ್ ಒತ್ತಿದಳು. ಅವಳದ್ದೇನು ತಪ್ಪು?

"ಇದು ಟೆಸ್ಟಿಂಗಿನಲ್ಲಿ ಗೊತ್ತಾಗಬೇಕಿತ್ತಲ್ಲೋ?" ಎಂದು ಅಳಿಯನಿಗೆ ಗಂಟುಬಿದ್ದೆ. ಆ ಜಾಲತಾಣ ಇವನ ಕೈ ದಾಟಿದ್ದಲ್ಲ, ಆದರೂ ಕಸುಬು ಒಂದೇ.

"ಅದೆಲ್ಲ ಸ್ಕೋಪಲ್ಲಿ ಬತ್ತಿಲ್ಲೆ ಮಾವ" ಎಂದ.

ಆ ಸ್ಕೋಪು ಎಂಥದೆಂದು ದಾರಿಯುದ್ದಕ್ಕೂ ಬಿಡಿಸಿ ಕೇಳಿದೆ. 2004ರಲ್ಲಿ ಜೇಸನ್ ಹಗ್ಗಿನ್ಸ್ ಶುರುಮಾಡಿದ ಸೆಲೆನಿಯಂ ಎಂಬ ಸಲಕರಣೆಯಿದೆ. ಬರೆದಿಟ್ಟ ಸ್ಕ್ರಿಪ್ಟಿನಂತೆ ಅದೇ ಬ್ರೌಸರ್ ತೆರೆದು, ಅದೇ ಗುಂಡಿ ಒತ್ತಿ, ಸರಿಯೋ ತಪ್ಪೋ ಹೇಳುತ್ತದೆ. ಆದರೆ ಸಾಮಾನ್ಯವಾಗಿ ಪ್ರತಿ ಸಲವೂ ಅದು ತೆರೆಯುವುದು ಹೊಸ ಪ್ರೊಫೈಲು. ಅದರಲ್ಲಿ ನಾವು ಬ್ರೌಸರಿಗೆ ಸೇರಿಸಿಕೊಂಡ ಎಕ್ಸ್‌ಟೆನ್ಷನ್ ಇಲ್ಲ, ಹಳೇ ಅನುಮತಿಗಳಿಲ್ಲ. ಪುಟದೊಳಗಿನದ್ದು ಕಾಣುತ್ತದೆಯೇ ಹೊರತು ಬ್ರೌಸರ್ ತಾನೇ ಮೇಲೆತ್ತುವ ಪ್ರಶ್ನೆ ಅದರ ಕಣ್ಣಿಗೆ ಬೀಳುವುದಿಲ್ಲ. ಸಹಿಯ ಟೋಕನ್ ಕೇಳುವ ಪಿನ್ ಕಿಟಕಿಯೂ ಅಷ್ಟೇ. ಆದ್ದರಿಂದ ಆ ಹಂತ ಬಂದಾಗ 'ಬೆರಳಚ್ಚು ಬಂತು' ಎಂಬ ಸುಳ್ಳು ಉತ್ತರವನ್ನು ಸ್ಕ್ರಿಪ್ಟೇ ಕೊಟ್ಟು ಮುಂದೆ ಹೋಗುತ್ತದೆ. ಎಕ್ಸ್‌ಟೆನ್ಷನ್ ಸೇರಿಸಿಯೇ ಪರೀಕ್ಷಿಸುತ್ತೇನೆ ಎಂದು ಹಠ ಹಿಡಿದವರಿಗೂ ಸುಖವಿಲ್ಲ. ಆಜ್ಞೆಯಲ್ಲೇ ಅದನ್ನು ಲೋಡ್ ಮಾಡುವ ಸ್ವಿಚ್ಚನ್ನು ಕ್ರೋಮ್ 137 ಕಿತ್ತುಹಾಕಿತು, ಪರೀಕ್ಷೆಗೆಂದೇ ಇರುವ ಬೇರೆ ಕ್ರೋಮ್ ಇಳಿಸಿಕೊಳ್ಳಬೇಕು. ಅಂದರೆ ಪರೀಕ್ಷೆ ನಡೆಯುವ ಕ್ರೋಮೂ ಶಿರಸಿಯ ಹುಡುಗಿಯ ಕ್ರೋಮೂ ಒಂದೇ ಅಲ್ಲ.

ಇಲ್ಲಿಂದ ಮುಂದೆ ನನ್ನ ಹಳೇ ರಗಳೆ, ಬೇಡದವರು ಪುಟ ತಿರುಗಿಸಿ. ಕನ್ನಡ ಟೈಪಿಂಗಿನ ಪರೀಕ್ಷೆಯೂ ಹೀಗೇ. ಯಂತ್ರವು ಕೀಲಿಮಣೆ ಮುಟ್ಟದೆ ಯೂನಿಕೋಡ್ ಅಕ್ಷರಗಳನ್ನು ನೇರ ಪೆಟ್ಟಿಗೆಗೆ ಸುರಿಯುತ್ತದೆ, ಪಾಸಾಗುತ್ತದೆ. ನಾವು 'ನುಡಿ', 'ಬರಹ'ದಂಥ ತಂತ್ರಾಂಶದಲ್ಲಿ ಒಂದೊಂದೇ ಕೀಲಿ ಒತ್ತುತ್ತೇವೆ. ಅದೂ ಇರಲಿ, 'ರಾಜ್‌ಕುಮಾರ್' ಎಂದು ಸರಿಯಾಗಿ ಮೂಡಬೇಕಾದರೆ ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಬೇಕು, ಇಲ್ಲದಿದ್ದರೆ 'ರಾಜ್ಕುಮಾರ್' ಆಗುತ್ತದೆ. ಆ ಸಂಕೇತ ಕನ್ನಡದ ಯೂನಿಕೋಡ್ ಪಟ್ಟಿಯ ಹೊರಗಿನದು. ಪಟ್ಟಿಯೊಳಗಿನ ಅಕ್ಷರ ಮಾತ್ರ ಸಲ್ಲುತ್ತದೆ ಎಂದು ಬರೆದ ಅರ್ಜಿ, ವಿಶೇಷ ಚಿಹ್ನೆ ಬಳಸಬೇಡಿ ಎಂದು ಗದರುತ್ತದೆ. ಕನ್ನಡ ನಾಡಿನಲ್ಲಿ ರಾಜ್‌ಕುಮಾರ್ ಹೆಸರು ಅಸಿಂಧು! ಪರೀಕ್ಷೆಗೆ ಕೊಟ್ಟ ಹೆಸರು 'ರಮೇಶ' ಎಂದಿದ್ದರೆ ಇದು ಯಾರಿಗೂ ಗೊತ್ತಾಗುವುದಿಲ್ಲ.

ಅಳಿಯ ದಡ್ಡನಲ್ಲ. ಕ್ರೋಮ್ ಆಗಾಗ ಬದಲಾಗುತ್ತದೆ, ಆದರೆ ಅದರ ಬೀಟಾ ವಾರಗಳ ಮೊದಲೇ ಸಿಗುತ್ತದೆ ಎಂದು ಅವನೇ ಹೇಳಿದ. ಒಂದು ಹಳೇ ಕಂಪ್ಯೂಟರಿಗೆ ನುಡಿ ಹಾಕಿ, ಬೆರಳಚ್ಚು ಯಂತ್ರ ಸಿಕ್ಕಿಸಿ, ಆ ಬೀಟಾದಲ್ಲಿ ಒಬ್ಬ ಮನುಷ್ಯ ಒಮ್ಮೆ ಬೆರಳು ಒತ್ತಿ ನೋಡಿದರೆ ಸಾಕು. ಅದಕ್ಕೆ ಖರ್ಚು ತೋರಿಸಲು ಕಾಲಂ ಇಲ್ಲವಂತೆ.

ಹಾಗಿದ್ದರೆ ಅಕ್ಕಿಯನ್ನು ಆ ಖಾಲಿ ಬ್ರೌಸರಿನ ಹೆಸರಿಗೇ ಮಂಜೂರು ಮಾಡಿ. ಅದರ ಬೆರಳಚ್ಚು ಒಂದು ಸಲವೂ ಫೇಲಾಗಿಲ್ಲ.