ಸೈಡ್ ಡ್ರಮ್ಮಿನ ಹದ

ಜೂನ್ ತಿಂಗಳಲ್ಲಿ ಶಾಲೆಗಳ ಬಾಗಿಲು ತೆರೆದೊಡನೆ ಕೊಲ್ಲಾಪುರ ಜಿಲ್ಲೆಯ ಕನ್ನಡ ಶಾಲೆಗಳ ಪಾಲಕರ ಸಭೆಗಳಲ್ಲಿ ಒಂದು ಪ್ರಶ್ನೆ ಏಳುವುದುಂಟು. ಆಗಸ್ಟ್ 15ರ ಪ್ರಭಾತಫೇರಿಗೆ ಬ್ಯಾಂಡಿನ ವ್ಯವಸ್ಥೆ ಏನು? ಹಳೆಯ ಸೈಡ್ ಡ್ರಮ್ಮುಗಳಲ್ಲಿ ಒಂದರ ಮುಚ್ಚಿಗೆ ಹರಿದಿರುತ್ತದೆ, ಇನ್ನೊಂದರ ತಂತಿ ಕಳಚಿರುತ್ತದೆ. ವರ್ಗಣಿ ಕೂಡಿಸಿ ಹೊಸದನ್ನೇ ಕೊಳ್ಳೋಣವೆಂದು ಕೆಲವರು, ಇದ್ದುದನ್ನೇ ದುರಸ್ತಿ ಮಾಡಿಸೋಣವೆಂದು ಕೆಲವರು. ಇಚಲಕರಂಜಿಯ ಮಗ್ಗದ ಮನೆಗಳಿಂದಲೂ ಗಡಹಿಂಗ್ಲಜ ತಾಲೂಕಿನ ಕಬ್ಬಿನ ಹೊಲಗಳಿಂದಲೂ ಬರುವ ಆ ವರ್ಗಣಿಯ ಹಣ ಎಷ್ಟು ಬೆವರಿನದೆಂಬುದು ಸಭೆಯಲ್ಲಿ ಕುಳಿತ ಎಲ್ಲರಿಗೂ ಗೊತ್ತು. ಆದುದರಿಂದ ಅದನ್ನು ಯಾವ ವಾದ್ಯಕ್ಕೆ, ಹೇಗೆ ವೆಚ್ಚ ಮಾಡಬೇಕೆಂಬುದು ಸಣ್ಣ ಮಾತಲ್ಲ. ವಕೀಲನಿಗೆ ಡ್ರಮ್ಮಿನ ಗೊಡವೆ ಏಕೆಂದು ಕೇಳುವವರು ಸ್ವಲ್ಪ ತಾಳಬೇಕು. ಕಾಯ್ದೆಯೂ ಮುಂದೆ ಬರುತ್ತದೆ.

ಶಾಲೆಯಲ್ಲಿ ಸೈಡ್ ಡ್ರಮ್ ಎಂದೂ ವೇದಿಕೆಯ ಆರ್ಕೆಸ್ಟ್ರಾದಲ್ಲಿ ಸ್ನೇರ್ ಡ್ರಮ್ ಎಂದೂ ಕರೆಯಿಸಿಕೊಳ್ಳುವ ವಾದ್ಯ ಮೂಲತಃ ಒಂದೇ ಕುಲದ್ದು. ಸಿಪಾಯಿಯ ಪಕ್ಕೆಗೆ ತೂಗುಹಾಕುತ್ತಿದ್ದುದರಿಂದ ಮೊದಲನೆಯ ಹೆಸರು. ಕೆಳ ಮುಚ್ಚಿಗೆಗೆ ಅಡ್ಡಲಾಗಿ ಬಿಗಿದ ತಂತಿಗಳಿಂದ ಎರಡನೆಯದು. ಮಧ್ಯಯುಗದ ಯುರೋಪಿನಲ್ಲಿ ‘ಟೇಬರ್’ ಎಂಬ ಚಿಕ್ಕ ಡೋಲಿಗೆ ಪ್ರಾಣಿಗಳ ಕರುಳಿನ ತಂತಿ ಕಟ್ಟುತ್ತಿದ್ದರು. ಅದೇ ಬೆಳೆದು ಕಾಲಾಳು ಪಡೆಗಳ ಡ್ರಮ್ಮಾಯಿತು, ಬ್ರಿಟಿಷರ ಪಲ್ಟಣಗಳೊಡನೆ ಹಿಂದುಸ್ತಾನಕ್ಕೆ ಬಂದಿತು, ಪಲ್ಟಣದಿಂದ ಮದುವೆಯ ಬ್ಯಾಂಡಿಗೂ ಅಲ್ಲಿಂದ ಶಾಲೆಯ ಅಂಗಳಕ್ಕೂ ಇಳಿಯಿತು. ಈಗ ಕರುಳಿನ ಬದಲು ಸುರುಳಿ ಸುತ್ತಿದ ಉಕ್ಕಿನ ತಂತಿಗಳು, ಸಾಮಾನ್ಯವಾಗಿ 20 ಎಳೆ. ಮೇಲಿನ ಮುಚ್ಚಿಗೆಗೆ ಕೋಲು ಬಿದ್ದಾಗ ಒಳಗಿನ ಗಾಳಿ ಕೆಳ ಮುಚ್ಚಿಗೆಯನ್ನು ನೂಕುತ್ತದೆ. ಕೆಳ ಮುಚ್ಚಿಗೆ ತಂತಿಗಳನ್ನು ಕುಣಿಸುತ್ತದೆ. ‘ಝರ್’ ಎಂಬ ಆ ಖಾರ ಅಲ್ಲಿಂದ ಬರುವುದು. ಇದು ನಮಗೆ ಹೊಸತೇನೂ ಅಲ್ಲ. ನೆರೆಯ ಮಿರಜಿನಲ್ಲಿ ತಯಾರಾಗುವ ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ, ಜೀವಾ ಎನ್ನುವ ದಾರದ ಎಳೆಯೊಂದನ್ನು ಇಡುತ್ತಾರಲ್ಲವೇ? ಮೃದಂಗದ ಬಲ ಮುಚ್ಚಿಗೆಯ ಪದರಗಳ ನಡುವೆ ಹುಲ್ಲಿನ ಸಣ್ಣ ಕಡ್ಡಿಗಳನ್ನು ತೂರಿಸುವುದೂ ಇದೇ ಗುಂಗಿಗಾಗಿ.

ಆದರೆ ಮೃದಂಗದಂತೆ ಸೈಡ್ ಡ್ರಮ್ಮನ್ನೂ ಷಡ್ಜಕ್ಕೆ ಕೂಡಿಸಬೇಕೆಂದು ಹೊರಡುವುದು ವ್ಯರ್ಥ ಶ್ರಮ. ಬರಿಯ ಪೊರೆಯೊಂದನ್ನು ಬಾರಿಸಿದಾಗ ಏಳುವ ಸ್ವರಗಳು ಮೂಲಸ್ವರದ 1.59 ಪಟ್ಟು, 2.14 ಪಟ್ಟು, 2.30 ಪಟ್ಟು, ಹೀಗೆ ಒಂದಕ್ಕೊಂದು ಹೊಂದದ ಪ್ರಮಾಣದಲ್ಲಿರುತ್ತವೆ. ಮೃದಂಗ ಮತ್ತು ತಬಲಾಗಳ ನಡುವೆ ಹಚ್ಚುವ ಕರಣೆ ಈ ಅಂಕೆಗಳನ್ನು ಪೂರ್ಣಾಂಕಗಳ ಹತ್ತಿರಕ್ಕೆ ಎಳೆದು ತರುತ್ತದೆಂಬುದನ್ನು ಸಿ.ವಿ. ರಾಮನ್ನರು ಶಿವಕಾಳಿ ಕುಮಾರರೊಡನೆ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. 1934ರಲ್ಲಿ ಅದನ್ನು ವಿಸ್ತರಿಸಿ ಬರೆದರು. ಸೈಡ್ ಡ್ರಮ್ಮಿಗೆ ಕರಣೆ ಇಲ್ಲ. ಅದರಲ್ಲಿ ನಾವು ಹುಡುಕಬೇಕಾದುದು ಸ್ವರವನ್ನಲ್ಲ, ಸಮತೆಯನ್ನು: ಮುಚ್ಚಿಗೆಯ ಸುತ್ತಲೂ ಎಲ್ಲೆಡೆ ಒಂದೇ ಬಿಗುವು.

ಈಗ ಆಯ್ಕೆ. ಪ್ರಭಾತಫೇರಿಗೂ ಸ್ನೇಹಸಮ್ಮೇಳನದ ವೇದಿಕೆಗೂ ಒಂದೇ ಡ್ರಮ್ ಸಾಕೆ ಎಂಬುದು ಮೊದಲ ಪ್ರಶ್ನೆ. ವೇದಿಕೆಯ ಸ್ನೇರ್ ಸಾಮಾನ್ಯವಾಗಿ 14 ಇಂಚು ಅಗಲ, 5ರಿಂದ 6½ ಇಂಚು ಆಳ. ಮೆರವಣಿಗೆಯದು ಅಷ್ಟೇ ಅಗಲವಾಗಿ 12 ಇಂಚಿನವರೆಗೂ ಆಳವಿರುತ್ತದೆ. ಆಳ ಹೆಚ್ಚಿದಷ್ಟೂ ದನಿ ತುಂಬಿಕೊಳ್ಳುತ್ತದೆ, ಭಾರವೂ ಹೆಚ್ಚುತ್ತದೆ. ಐದನೆಯ ತರಗತಿಯ ಮಗುವಿನ ಕೊರಳಿಗೆ 12 ಇಂಚು ಆಳದ ಡ್ರಮ್ ತೂಗುಹಾಕಿ ಪೇಟೆಯ ತುಂಬ ನಡೆಸುವುದು ನನಗೆ ಸರಿಕಾಣದು. ಪಟ್ಟಿ ಎರಡೂ ಹೆಗಲಿಗೆ ಬರುವಂತಿರಬೇಕು. ಒಡಲು ಲೋಹದ್ದಾದರೆ ದನಿ ಚುರುಕು, ಬಯಲಿನಲ್ಲಿ ದೂರ ಹೋಗುತ್ತದೆ. ಮರದ್ದಾದರೆ ಮೃದು, ಸಭಾಗೃಹಕ್ಕೆ ಒಪ್ಪುತ್ತದೆ. ಶಾಲೆಗೆ ಲೋಹದ್ದೇ ಲೇಸು, ಏಕೆಂದರೆ ಅದು ಹುಡುಗರ ಕೈಯಲ್ಲಿ ಬದುಕಬೇಕು. ಸುತ್ತಲಿನ ಬಿಗಿಸುವ ರಾಡುಗಳನ್ನು ಎಣಿಸಿ ನೋಡಿ. ಅಗ್ಗದವುಗಳಲ್ಲಿ 6, ಒಳ್ಳೆಯವುಗಳಲ್ಲಿ 8 ಅಥವಾ 10 ಇರುತ್ತವೆ. 6 ರಾಡಿನ ಆರು ಡ್ರಮ್ಮುಗಳಿಗಿಂತ 8 ರಾಡಿನ ಮೂರು ಡ್ರಮ್ಮುಗಳು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಫೋಟೋದಲ್ಲಿ ಆರು ಮಂದಿ ಕಾಣಬೇಕೆಂಬ ಆಸೆ ಪಾಲಕರದ್ದು, ಮಕ್ಕಳದ್ದಲ್ಲ.

ಮುಚ್ಚಿಗೆ ಚರ್ಮದ್ದೋ ಪ್ಲಾಸ್ಟಿಕ್ಕಿನದ್ದೋ ಎಂಬ ವಾದ ನಮ್ಮ ಮಳೆಗಾಲದಲ್ಲಿ ತಾನಾಗಿಯೇ ತೀರ್ಮಾನವಾಗುತ್ತದೆ. ಆಗಸ್ಟ್ ತಿಂಗಳ ಕೊಲ್ಲಾಪುರದಲ್ಲಿ ಚರ್ಮ ನೀರು ಹೀರಿ ಸಡಿಲುಬಿದ್ದು ತಟ್ಟೆಯ ಹಾಗೆ ಸದ್ದು ಮಾಡುತ್ತದೆ. ಅಮೆರಿಕದಲ್ಲಿ 1957ರ ಸುಮಾರಿಗೆ ಪ್ಲಾಸ್ಟಿಕ್ ಮುಚ್ಚಿಗೆ ಪೇಟೆಗೆ ಬಂದ ಮೇಲೆ ಲೋಕದ ಡ್ರಮ್ ವಾದಕರೆಲ್ಲ ಅದಕ್ಕೆ ಹೊರಳಿದ್ದು ಇಂಥ ಹವೆಯ ಕಾಟದಿಂದಲೇ. ಮೇಲಿನದು ದಪ್ಪ, ಸಾಮಾನ್ಯವಾಗಿ ಇಂಚಿನ ಸಾವಿರದಲ್ಲಿ ಹತ್ತು ಭಾಗ. ಕೆಳಗಿನದು ಮೂರೇ ಭಾಗ. ಕೊಳ್ಳುವಾಗ ಇದನ್ನು ಕೇಳಿ ತಿಳಿಯಬೇಕು. ಎರಡೂ ಕಡೆ ಒಂದೇ ದಪ್ಪದ ಹಾಳೆ ಹಾಕಿದ ಡ್ರಮ್ಮಿನಲ್ಲಿ ತಂತಿಗಳು ಎಷ್ಟು ಬಿಗಿದರೂ ಮಾತಾಡುವುದಿಲ್ಲ.

ಶ್ರುತಿಗೊಳಿಸುವ ಕೆಲಸಕ್ಕೆ ಇಚಲಕರಂಜಿಯ ಮಕ್ಕಳಿಗೆ ಉಪಮಾನ ಮನೆಯಲ್ಲಿಯೇ ಇದೆ. ಹಾಸಿನ ಎಳೆಗಳಲ್ಲಿ ಒಂದು ಬಿಗಿ, ಒಂದು ಸಡಿಲ ಇದ್ದರೆ ಬಟ್ಟೆ ಹೇಗೆ ಸೊಟ್ಟಗಾಗುತ್ತದೆಯೋ ಹಾಗೆಯೇ ಮುಚ್ಚಿಗೆಯೂ. ಮೊದಲು ತಂತಿಗಳನ್ನು ಸನ್ನೆಯಿಂದ ಬಿಡಿಸಿಡಬೇಕು. ಬಳೆಯನ್ನು ಸರಿಯಾಗಿ ಕೂಡಿಸಿ, ಎಲ್ಲ ರಾಡುಗಳನ್ನೂ ಬೆರಳಿನಿಂದಲೇ, ಇನ್ನು ತಿರುಗದೆನ್ನುವವರೆಗೆ ಬಿಗಿಯಬೇಕು. ಅನಂತರ ಚಾವಿ. ಒಂದು ರಾಡಿಗೆ ಅರ್ಧ ಸುತ್ತು ಕೊಟ್ಟೊಡನೆ ಅದರ ಪಕ್ಕದ್ದಕ್ಕೆ ಹೋಗಬಾರದು. ನೇರ ಎದುರಿನದಕ್ಕೆ ಹೋಗಬೇಕು. ಅಲ್ಲಿಂದ ಅಡ್ಡ, ಮತ್ತೆ ಅದರ ಎದುರು. ಹೀಗೆ ಎರಡು ಮೂರು ಸುತ್ತು ಆದ ಮೇಲೆ ಮುಚ್ಚಿಗೆಯ ನಡುವೆ ಒಂದು ಬೆರಳನ್ನು ಹಗುರವಾಗಿ ಇಟ್ಟು, ಪ್ರತಿ ರಾಡಿನಿಂದ ಒಂದಿಂಚು ಒಳಗೆ ಕೋಲಿನ ತುದಿಯಿಂದ ತಟ್ಟಿ ಕೇಳಬೇಕು. ತಗ್ಗಿದ ದನಿಯಿರುವಲ್ಲಿ ಕಾಲು ಸುತ್ತು ಏರಿಸಬೇಕು. ಏರಿದ್ದನ್ನು ಇಳಿಸುವುದಾದರೆ ಮೊದಲು ಅದಕ್ಕೂ ತಗ್ಗಿಸಿ, ಬಳಿಕ ಬೇಕಾದಲ್ಲಿಗೆ ಏರಿಸಬೇಕು. ಎಂಟೂ ಕಡೆ ಒಂದೇ ಉತ್ತರ ಬರುವವರೆಗೆ ಇದನ್ನು ಬಿಡಬಾರದು. ಪಾಟೀಸವಾಲಿನಲ್ಲಿ ಒಂದೇ ಪ್ರಶ್ನೆಯನ್ನು ಎಂಟು ಸಾಕ್ಷಿಗಳಿಗೆ ಕೇಳುವ ತಾಳ್ಮೆ ಇಲ್ಲಿ ಬೇಕು.

ಕೆಳ ಮುಚ್ಚಿಗೆಯನ್ನೂ ಹೀಗೆಯೇ, ಮೇಲಿನದಕ್ಕಿಂತ ತುಸು ಬಿಗಿಯಾಗಿ ಇಡುವುದು ವಾಡಿಕೆ. ಅದು ಬಹಳ ತೆಳು. ಕೋಲು ತಾಗಿಸಬಾರದು, ಬೆರಳಿನಿಂದ ತಟ್ಟಿದರೆ ಸಾಕು. ಕೊನೆಗೆ ತಂತಿಗಳು. ಸನ್ನೆ ಏರಿಸಿ, ಮುಚ್ಚಿಗೆಯನ್ನು ಹಗುರವಾಗಿ ಬಾರಿಸುತ್ತ, ಸಡಿಲ ಗಲಗಲ ನಿಂತು ಸ್ಪಷ್ಟವಾದ ‘ಟಕ್’ ಬರುವವರೆಗೆ ಮಾತ್ರ ತಿರುಪನ್ನು ತಿರುಗಿಸಬೇಕು. ಇನ್ನೂ ಬಿಗಿದರೆ ತಂತಿ ಉಸಿರುಗಟ್ಟುತ್ತದೆ, ಡ್ರಮ್ ಡಬ್ಬಿಯಾಗುತ್ತದೆ. ಹುಡುಗರು ಮಾಡುವ ತಪ್ಪು ಪ್ರಾಯಶಃ ಇದೊಂದೇ: ದನಿ ಚುರುಕಾಗಲೆಂದು ಎಲ್ಲವನ್ನೂ ಬಿಗಿಯುತ್ತ ಹೋಗುವುದು. ಸ್ವರ ಏರುವುದು ಬಿಗುವಿನ ವರ್ಗಮೂಲದ ಲೆಕ್ಕದಲ್ಲಿ. ದನಿ ಇಮ್ಮಡಿ ಏರಬೇಕಾದರೆ ಬಿಗುವು ನಾಲ್ಮಡಿಯಾಗಬೇಕು. ಅಷ್ಟರಲ್ಲಿ ಬಳೆ ಬಾಗುತ್ತದೆ, ಇಲ್ಲವೆ ರಾಡಿನ ಮರೆ ಸವೆದು ಹೋಗುತ್ತದೆ.

ವೇದಿಕೆಯ ಕಷ್ಟ ಬೇರೆ. ಮುಖ್ಯ ಅತಿಥಿಗಳು ಮಾತಾಡಲು ಆರಂಭಿಸಿದೊಡನೆ ಮೂಲೆಯಲ್ಲಿ ಇಟ್ಟ ಡ್ರಮ್ ‘ಝುಂ’ ಎಂದು ತಾನೂ ದನಿಗೂಡಿಸುತ್ತದೆ. ಧ್ವನಿವರ್ಧಕದ ತಗ್ಗಿನ ಸ್ವರಗಳಿಗೆ ಮುಚ್ಚಿಗೆ ಸ್ಪಂದಿಸಿ ತಂತಿಗಳು ನಡುಗುವುದೇ ಇದಕ್ಕೆ ಕಾರಣ. ಹಾಡು ಮುಗಿದೊಡನೆ ಸನ್ನೆ ಇಳಿಸುವ ಅಭ್ಯಾಸವನ್ನು ಮಕ್ಕಳಿಗೆ ಮಾಡಿಸಿದರೆ ಅತಿಥಿಗಳು ನಿರಾಳ. (ಕೆಲವು ಭಾಷಣಗಳಿಗೆ ಆ ಪಕ್ಕವಾದ್ಯ ಇದ್ದರೇ ಚೆನ್ನ ಎಂಬುದು ಬೇರೆ ಮಾತು.) ಬಾರಿಸಿದ ಮೇಲೆ ದನಿ ಉದ್ದಕ್ಕೆ ಗಂಯ್‌ಗುಟ್ಟಿದರೆ ಮೇಲಿನ ಮುಚ್ಚಿಗೆಯ ಅಂಚಿಗೆ ಒಂದು ಸಣ್ಣ ಬಟ್ಟೆಯ ತುಂಡನ್ನು ಪಟ್ಟಿಯಿಂದ ಅಂಟಿಸಿದರೆ ಸಾಕು. ಖಾಲಿ ಸಭಾಗೃಹದಲ್ಲಿ ಮಧ್ಯಾಹ್ನ ಹದ ಮಾಡಿದ ಡ್ರಮ್, ಸಂಜೆ ಜನ ತುಂಬಿದಾಗ ಮಂಕಾಗಿ ಕೇಳುತ್ತದೆ, ಏಕೆಂದರೆ ಜನರ ಮೈಬಟ್ಟೆ ಏರುದನಿಯನ್ನು ಹೀರಿಕೊಳ್ಳುತ್ತದೆ. ಮಧ್ಯಾಹ್ನ ಕಿವಿಗೆ ಸ್ವಲ್ಪ ಖಾರವೆನಿಸುವಂತೆ ಬಿಟ್ಟಿರಬೇಕು.

ಹಲಗಿಯ ಮಾತನ್ನು ಇಲ್ಲಿ ಆಡಲೇಬೇಕು. ಕೊಲ್ಲಾಪುರದ ಗಣೇಶೋತ್ಸವವೇ ಆಗಲಿ, ನಮ್ಮ ಹಳ್ಳಿಗಳ ಜಾತ್ರೆಯೇ ಆಗಲಿ, ಹಲಗಿಯಿಲ್ಲದೆ ನಡೆಯುವುದು ಅಪರೂಪ. ಒಂದು ದಪ್ಪ ಕೋಲು, ಒಂದು ಸಣ್ಣ ಕಡ್ಡಿ, ಚರ್ಮಕ್ಕೆ ಬೆಂಕಿಯ ಕಾವು. ಚಾವಿಯೂ ಬೇಡ, ರಾಡೂ ಬೇಡ. ಕಾವು ಆರಿದಂತೆ ದನಿ ಇಳಿಯುವುದರಿಂದ ವೇದಿಕೆಯ ಹಿಂದೆ, ಪೆಂಡಾಲಿನ ಬಟ್ಟೆಗೆ ದೂರವಾಗಿ, ದೊಡ್ಡವರ ಕಾವಲಿನಲ್ಲಿ ಒಂದು ಸಣ್ಣ ಬೆಂಕಿ ಇರಬೇಕು. ಪಟ್ಟಣಕೊಡೋಲಿಯ ವಿಠ್ಠಲ ಬೀರದೇವರ ಜಾತ್ರೆಯಲ್ಲಿ ಡೊಳ್ಳುಗಳ ಮೊಳಗನ್ನು ಕೇಳಿದವರಿಗೆ, ನಮ್ಮ ನೆಲದ ಚರ್ಮವಾದ್ಯಕ್ಕೆ ಪಲ್ಟಣದ ಡ್ರಮ್ಮಿನ ಮುಂದೆ ನಾಚಬೇಕಾದುದೇನೂ ಇಲ್ಲವೆಂದು ಹೇಳಬೇಕಾಗಿಲ್ಲ. ಆದರೂ ಶಾಲೆಯ ಕಾರ್ಯಕ್ರಮಕ್ಕೆ ಸೈಡ್ ಡ್ರಮ್ ಗೌರವದ್ದು, ಹಲಗಿ ಬೀದಿಯದ್ದು ಎಂಬ ಭಾವನೆ ಉಳಿದಿದೆ. ಅದು ವಾದ್ಯದ ಬಗೆಗಿನ ಅಭಿಪ್ರಾಯವಲ್ಲ, ಅದನ್ನು ತಲೆಮಾರುಗಳಿಂದ ಹಿಡಿದುಬಂದ ಮನೆತನಗಳ ಬಗೆಗಿನ ಅಭಿಪ್ರಾಯ. ಆ ಮನೆಗಳ ಮಕ್ಕಳು ನಮ್ಮ ಮಕ್ಕಳ ಜೊತೆಗೇ ಓದುತ್ತಿದ್ದಾರೆ. ಹಲಗಿಯನ್ನು ವೇದಿಕೆಗೆ ತರಬೇಕು. ತಂದ ಮೇಲೆ, ‘ನೀನು ಬಾರಿಸು, ನಿಮ್ಮ ಮನೆಯ ವಿದ್ಯೆ’ ಎಂದು ಅದೇ ಮಗುವಿನತ್ತ ಬೆರಳು ತೋರಿಸುವುದೂ ಸಲ್ಲದು. ಕಲಿಯುವ ಮನಸ್ಸಿದ್ದ ಮಗು ಯಾರ ಮನೆಯದಾದರೇನು? ಸಂವಿಧಾನದ 17ನೆಯ ವಿಧಿಯ ಪಾಠವನ್ನು ನಾಗರಿಕಶಾಸ್ತ್ರದ ತಾಸಿಗೆ ಮಾತ್ರ ಮೀಸಲಿಡಬೇಕಾಗಿಲ್ಲ.

ಕಿವಿಯ ವಿಚಾರ ಪಾಲಕರ ಗಮನಕ್ಕೆ ಬರುವುದು ಕಡಿಮೆ. ಬಿಗಿದ ಸೈಡ್ ಡ್ರಮ್ ಬಾರಿಸುವವರ ಕಿವಿಯ ಬಳಿ 100 ಡೆಸಿಬೆಲ್ ಸುಲಭವಾಗಿ ದಾಟುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 85 ಡೆಸಿಬೆಲ್ಲಾದರೆ ದಿನಕ್ಕೆ 8 ತಾಸು, ಆಮೇಲೆ ಪ್ರತಿ 3 ಡೆಸಿಬೆಲ್ಲಿಗೆ ಅರ್ಧರ್ಧ. 100ಕ್ಕೆ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ. ಆರು ಡ್ರಮ್ಮುಗಳನ್ನು ಒಂದು ವರ್ಗಕೋಣೆಯಲ್ಲಿ ಕೂಡಿಹಾಕಿ ಒಂದು ತಾಸು ತಾಲೀಮು ನಡೆಸುವ ಪದ್ಧತಿ ನಿಲ್ಲಬೇಕು. ತಾಲೀಮು ಬಯಲಲ್ಲಿ ನಡೆಯಲಿ, ಮುಚ್ಚಿಗೆಯ ಮೇಲೆ ಒಂದು ಟವೆಲ್ ಹಾಸಿರಲಿ, ಬಾರಿಸುವ ಮಕ್ಕಳ ಕಿವಿಗೆ ಔಷಧದ ಅಂಗಡಿಯಲ್ಲಿ ಸಿಗುವ ಇಯರ್‌ಪ್ಲಗ್ ಇರಲಿ. ಮನೆಯಲ್ಲಿ ಇಡೀ ದಿನ ಮಗ್ಗದ ಸದ್ದು ಕೇಳುವ ಮಗುವಿನ ಕಿವಿಗೆ ವಿಶ್ರಾಂತಿ ಎಂಬುದೇ ಇಲ್ಲವೆಂಬುದನ್ನು ಇಚಲಕರಂಜಿಯ ಶಿಕ್ಷಕರು ನೆನಪಿನಲ್ಲಿಡಬೇಕು.

ಇನ್ನು ಕಾಯ್ದೆ. ಶಬ್ದಮಾಲಿನ್ಯದ ನಿಯಮಗಳು ಡಿಜೆಗೆ ಮಾತ್ರ, ಬರಿಗೈಯಿಂದ ಬಾರಿಸುವ ವಾದ್ಯಕ್ಕೆ ಅಲ್ಲ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಅದು ಸರಿಯಲ್ಲ. 2000ನೆಯ ಇಸವಿಯ ನಿಯಮಗಳಲ್ಲಿ ಘೋಷಿತ ಶಾಂತವಲಯದೊಳಗೆ ಡೋಲು ಬಾರಿಸುವುದನ್ನೂ ದಂಡಾರ್ಹವೆಂದು ಹೇಳಿದೆ. ಸರ್ವೋಚ್ಚ ನ್ಯಾಯಾಲಯ 18 ಜುಲೈ 2005ರ ತೀರ್ಪಿನಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಡ್ರಮ್ಮು ಕಹಳೆಗಳನ್ನೂ ನಿಷೇಧದೊಳಗೆ ತಂದಿತು; 2010ರ ತಿದ್ದುಪಡಿ ವಾದ್ಯಗಳನ್ನು ನಿಯಮದಲ್ಲಿಯೇ ಸೇರಿಸಿತು. ಮುಚ್ಚಿದ ಸಭಾಗೃಹದೊಳಗಿನ ಕಾರ್ಯಕ್ರಮಕ್ಕೆ ವಿನಾಯಿತಿ ಉಂಟು. ಹಬ್ಬಗಳಿಗಾಗಿ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಧ್ವನಿವರ್ಧಕಕ್ಕೆ ಸಡಿಲಿಕೆ ಕೊಡಬಹುದು. ಪುಣೆಯ ಡೋಲು–ತಾಶೆ ತಂಡಗಳಲ್ಲಿ 30ಕ್ಕಿಂತ ಹೆಚ್ಚು ಜನ ಇರಬಾರದೆಂದು ಹಸಿರು ನ್ಯಾಯಮಂಡಳಿ 2024ರ ಆಗಸ್ಟಿನಲ್ಲಿ ಹೇಳಿದ್ದೂ, ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿದ್ದೂ ವಾಚಕರಿಗೆ ನೆನಪಿರಬಹುದು. ಶಾಲೆಗಳಿಗೆ ನನ್ನ ಸಲಹೆ ಸರಳ: ಪ್ರಭಾತಫೇರಿ ಬೆಳಗಿನ 6ರ ಅನಂತರವೇ ಹೊರಡಲಿ, ದಾರಿಯಲ್ಲಿ ಆಸ್ಪತ್ರೆ ಬಂದರೆ ಕೋಲು ನಿಲ್ಲಲಿ, ಬಯಲಿನ ಸ್ನೇಹಸಮ್ಮೇಳನ 10ಕ್ಕೆ ಮುಂಚೆ ಮುಗಿಯಲಿ. ಧ್ವನಿವರ್ಧಕ ಇದ್ದರೆ ಲಿಖಿತ ಪರವಾನಗಿ ಬೇಕು. ಅರ್ಜಿಯನ್ನು ಮರಾಠಿಯಲ್ಲಿಯೇ ಬರೆದು ಕೊಟ್ಟರೆ ಕೆಲಸ ಬೇಗ ಆಗುತ್ತದೆ, ಅದರಿಂದ ನಮ್ಮ ಕನ್ನಡಕ್ಕೇನೂ ಕುಂದಿಲ್ಲ.

ಡ್ರಮ್ ಕೊಂಡಾಗ ಬಿಲ್ಲು ಪಡೆಯದೆ ಬರಬೇಡಿ. ಅದರಲ್ಲಿ ಅಳತೆ, ರಾಡುಗಳ ಸಂಖ್ಯೆ, ಒಡಲಿನ ಲೋಹ ಬರೆದಿರಲಿ. ದೋಷ ಕಂಡರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರು ಕೊಡಲು ಎರಡು ವರ್ಷಗಳ ಅವಧಿ ಉಂಟು. ಕೈಯಲ್ಲಿ ಕಾಗದವಿಲ್ಲದಿದ್ದರೆ ಆ ಎರಡು ವರ್ಷಗಳಿಂದ ಪ್ರಯೋಜನ ಅಲ್ಪ. ಅಂಗಡಿಯಲ್ಲಿಯೇ ಸನ್ನೆಯನ್ನು ಹತ್ತು ಸಲ ಏರಿಸಿ ಇಳಿಸಿ ನೋಡಿ, ಮೊದಲು ಕೆಡುವ ಭಾಗ ಅದೇ. ಒಂದು ಜೊತೆ ಹೆಚ್ಚುವರಿ ಮುಚ್ಚಿಗೆ, ಒಂದು ತಂತಿಪಟ್ಟಿ, ಎರಡು ಚಾವಿ ಕೇಳಿ ಪಡೆಯಿರಿ. ಒಂದು ಚಾವಿ ಮುಖ್ಯಾಧ್ಯಾಪಕರ ಕಪಾಟಿನಲ್ಲಿರಲಿ. ಇನ್ನೊಂದನ್ನು ದಾರಕ್ಕೆ ಪೋಣಿಸಿ ಏಳನೆಯ ತರಗತಿಯ ಕಿವಿ ಚುರುಕಾದ ಒಂದು ಹುಡುಗಿಗೋ ಹುಡುಗನಿಗೋ ಒಪ್ಪಿಸಿ, ಬೇರೆ ಯಾರೂ ರಾಡು ಮುಟ್ಟಕೂಡದೆಂದು ಹೇಳಿಬಿಡಿ.