ಕೃತಜ್ಞತೆ ಮೌನವಲ್ಲ

ಬಾಳಿಗೆ ಕೃತಜ್ಞರಾಗಿರಬೇಕೆಂಬ ಉಪದೇಶವು ನಮ್ಮ ಶಾಲೆಗಳಿಗೆ ಹೊಸದಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಕೈ ಮುಗಿಯುತ್ತೇವೆ. ವಾರ್ಷಿಕೋತ್ಸವದ ಸಭೆಯಲ್ಲಿ ‘ದೊರೆತುದರಲ್ಲಿ ತೃಪ್ತರಾಗಿರಿ’ ಎಂಬ ಮಾತಿಗೆ ಕೈ ತಟ್ಟುತ್ತೇವೆ. ಕೃತಜ್ಞತೆಯು ನಿತ್ಯದ ಅಭ್ಯಾಸವಾಗಬೇಕೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ತೃಪ್ತಿಯನ್ನೇ ಕೃತಜ್ಞತೆಯೆಂದು ಬೋಧಿಸುವುದನ್ನು ಒಪ್ಪಲಾರೆವು. ತೃಪ್ತನಾದವನು ಉಂಡು ಮಲಗುತ್ತಾನೆ. ಕೃತಜ್ಞನಾದವನು ಉಣಿಸಿದ ಕೈಯನ್ನು ನೆನೆದು ತನ್ನ ಕೈಯನ್ನೂ ದುಡಿಸುತ್ತಾನೆ.

ಕಾಸರಗೋಡಿನ ಸುರಂಗಗಳನ್ನೇ ನೋಡಿರಿ. ಮುರಕಲ್ಲಿನ ಗುಡ್ಡದ ಒಡಲನ್ನು ಹಿರಿಯರು ಪಿಕ್ಕಾಸು ಹಿಡಿದು ಅಡ್ಡಲಾಗಿ ಕೊರೆದರು. ಒಬ್ಬನು ಹೋಗುವಷ್ಟೇ ಅಗಲ, ಒಳಗೆ ಕತ್ತಲು, ಮೇಲೆ ಮಣ್ಣು ಕುಸಿಯುವ ಭಯ. ಒಸರು ಸಿಕ್ಕಿದರೆ ನೀರು ಯಂತ್ರದ ಹಂಗಿಲ್ಲದೆ ತಾನಾಗಿ ಹರಿದು ಮನೆಗೂ ಅಡಕೆಯ ತೋಟಕ್ಕೂ ಬರುತ್ತದೆ. ಆ ನೀರನ್ನು ಕುಡಿದವನು ‘ದೇವರು ದೊಡ್ಡವನು’ ಎಂದು ಸುಮ್ಮನಾದರೆ ಸಾಲದು. ಕುಸಿದ ಮಣ್ಣನ್ನು ತೆಗೆಯಬೇಕು; ಗುಡ್ಡದ ಮೇಲಣ ಕಾಡನ್ನು ಕಾಯಬೇಕು. ನೀರಿಗೆ ಸಲ್ಲುವ ವಂದನೆಯೆಂದರೆ ಅದೇ.

ಇದೇ ಜಿಲ್ಲೆಯ ಗೇರುತೋಟಗಳ ಮೇಲೆ ೧೯೭೦ರ ದಶಕದ ಕೊನೆಯಿಂದ ೨೦೦೦ದವರೆಗೆ ಎಂಡೋಸಲ್ಫಾನ್ ವಿಷವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಿದರು. ಎಣ್ಮಕಜೆಯ ಪಡ್ರೆಯಂತಹ ಊರುಗಳಲ್ಲಿ ಸುರಂಗ, ತೋಡುಗಳ ನೀರೇ ಕುಡಿಯುವ ನೀರು. ಆ ಊರುಗಳಲ್ಲಿ ಎದ್ದು ನಿಲ್ಲಲಾರದ ಮಕ್ಕಳು ಹುಟ್ಟಿದರು. ಆಗಲೂ ತೃಪ್ತಿಯನ್ನು ಬೋಧಿಸುವುದು ಧರ್ಮವೇ? ಅಲ್ಲ. ದೂರು ಬರೆದು, ನ್ಯಾಯಾಲಯದ ಮೆಟ್ಟಿಲೇರಿದವರೇ ಜೀವಕ್ಕೆ ಕೃತಜ್ಞರಾದವರು. ೨೦೧೧ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಆ ವಿಷವನ್ನು ತಡೆಯಿತು. ಮೌನದಿಂದ ಅದು ಆಗುತ್ತಿರಲಿಲ್ಲ.

‘ಇಷ್ಟು ನೊಂದವರಿಗೆ ಕೃತಜ್ಞತೆ ಎಲ್ಲಿಯದು?’ ಎಂದು ಕೇಳುವವರೂ ಉಂಟು. ಏಳಲಾರದ ಮಗುವಿಗೆ ಮೂರು ಹೊತ್ತು ತುತ್ತುಣಿಸುವ ತಾಯಿಯನ್ನು ಅವರು ನೋಡಲಿ. ಜೀವದ ಬೆಲೆಯನ್ನು ಆಕೆಗೆ ನಾವು ಕಲಿಸಬೇಕಾಗಿಲ್ಲ, ಆಕೆಯಿಂದ ಕಲಿಯಬೇಕಾಗಿದೆ.

ಪೆರಡಾಲದಲ್ಲಿ ಪಾಠ ಹೇಳಿ, ಹೊಲದಲ್ಲಿ ದುಡಿದು, ಕಾಸರಗೋಡಿನ ಕನ್ನಡಕ್ಕಾಗಿ ಹೋರಾಡಿದ ಕಯ್ಯಾರ ಕಿಞ್ಞಣ್ಣ ರೈಗಳು ತಮ್ಮ ಆತ್ಮಕಥೆಗೆ ‘ದುಡಿತವೇ ನನ್ನ ದೇವರು’ ಎಂದು ಹೆಸರಿಟ್ಟರು. ನಾವು ಹೇಳುವ ಕೃತಜ್ಞತೆ ಅಂತಹುದು.

ಉಪಾಧ್ಯಾಯ ಬಂಧುಗಳೇ, ಪ್ರಾರ್ಥನೆ ಮುಗಿದ ಮೇಲೆ ಮಕ್ಕಳೊಡನೆ ನಾವೂ ದಿನಕ್ಕೆರಡು ಪ್ರಶ್ನೆಗಳನ್ನು ಕೇಳಿಕೊಳ್ಳೋಣ: ಇಂದು ಕುಡಿದ ನೀರು ಯಾರ ದುಡಿತದ ಫಲ? ಅದನ್ನು ಕಾಯಲು ನಾವೇನು ಮಾಡಿದೆವು? ಎರಡನೆಯದಕ್ಕೆ ಉತ್ತರವಿಲ್ಲದಿದ್ದರೆ ನಮ್ಮ ಪ್ರಾರ್ಥನೆಯು ಬರಿಯ ಬಾಯಿಪಾಠ.