ಎದೆನೋವಿಗೆ ಇನ್ನೂರು ಕಿಲೋಮೀಟರ್ ದೂರದ ಮದ್ದು

ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಹೊಸದಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ಉಡುಪಿ ಕಡೆಗೆ ರೋಗಿಯನ್ನು ಕರೆತರುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಳೆನೀರಿಗೆ ಜಾರಿ ಮಗುಚಿ ನಾಲ್ವರು ಸತ್ತಾಗ ಆ ಕೂಗು ಆಕ್ರೋಶವಾಯಿತು. ಆಸ್ಪತ್ರೆ ಇಲ್ಲದಿದ್ದರೆ ಮತವೂ ಇಲ್ಲ ಎಂದರು ಜನ. 2025ರ ಜೂನ್-ಜುಲೈಯಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೆ ಒಂದು ಹೃದಯಾಘಾತದ ಸುದ್ದಿ ಬಂದಾಗ ಹೆದರಿದ ಜನ ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನಿಂದಲೇ ಸಾಲುಗಟ್ಟಿದರು. ಎರಡು ಕಡೆಯೂ ಜನರ ಮನಸ್ಸಿನಲ್ಲಿದ್ದುದು ಒಂದೇ: ದೊಡ್ಡ ಆಸ್ಪತ್ರೆಯ ಬಾಗಿಲು ತಲುಪಿದರೆ ಬದುಕಿದಂತೆ.

ಈ ನಂಬಿಕೆ ಎಷ್ಟು ಸರಿ? ಅರ್ಧ ಸರಿ ಎಂದು ನಮಗನಿಸುತ್ತದೆ. ಉಳಿದ ಅರ್ಧದ ಬಗ್ಗೆ ಮಾತಾಡುವವರು ಕಡಿಮೆ.

ತೀವ್ರ ಹೃದಯಾಘಾತವೆಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳವೊಂದು ರಕ್ತದ ಗಡ್ಡೆಯಿಂದ ಪೂರ್ತಿ ಮುಚ್ಚಿಹೋಗುವುದು. ಇಸಿಜಿಯಲ್ಲಿ ಎಸ್‌ಟಿ ಎಂಬ ಗೆರೆ ಮೇಲೇರಿರುವುದರಿಂದ ವೈದ್ಯರು ಇದನ್ನು 'ಸ್ಟೆಮಿ' ಎಂದು ಕರೆಯುತ್ತಾರೆ. ನಾಳ ಮುಚ್ಚಿದ ಕ್ಷಣದಿಂದಲೇ ಸ್ನಾಯು ಸಾಯತೊಡಗುತ್ತದೆ. ಸತ್ತ ಸ್ನಾಯು ಮತ್ತೆ ಹುಟ್ಟುವುದಿಲ್ಲ. ನಾಳವನ್ನು ತೆರೆಯಲು ಇರುವ ದಾರಿಗಳು ಎರಡು. ಒಂದು, ಕ್ಯಾಥ್ ಲ್ಯಾಬಿನಲ್ಲಿ ಬಲೂನು ಮತ್ತು ಸ್ಟೆಂಟ್ ಹಾಕುವ ಆಂಜಿಯೋಪ್ಲಾಸ್ಟಿ. ಇನ್ನೊಂದು, ಗಡ್ಡೆ ಕರಗಿಸುವ ಚುಚ್ಚುಮದ್ದು. ಆಂಜಿಯೋಪ್ಲಾಸ್ಟಿಯೇ ಮೇಲು, ಸಂಶಯವಿಲ್ಲ. ಆದರೆ ಇಸಿಜಿಯಲ್ಲಿ ರೋಗ ಗೊತ್ತಾದ ಎರಡು ಗಂಟೆಯೊಳಗೆ ಅದು ಸಾಧ್ಯವಿಲ್ಲವೆಂದಾದರೆ ಕಾಯದೆ ಚುಚ್ಚುಮದ್ದು ಕೊಡಬೇಕೆಂಬುದು ಈಗ ಜಗತ್ತಿನ ಹೃದ್ರೋಗ ತಜ್ಞರು ಒಪ್ಪಿರುವ ನಿಯಮ.

ಕಾರವಾರದಿಂದ ಮಣಿಪಾಲಕ್ಕೆ ಇನ್ನೂರು ಕಿಲೋಮೀಟರಿನ ಆಸುಪಾಸು. ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ ಹೋಗಬೇಕು. ಮಳೆಗಾಲದ ಹೆದ್ದಾರಿ, ಕುಸಿಯುವ ಗುಡ್ಡ, ಘಟ್ಟದ ತಿರುವು ಇವನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ಆ ಎರಡು ಗಂಟೆ ದಾರಿಯಲ್ಲೇ ಮುಗಿದಿರುತ್ತದೆ. ಅದಕ್ಕೂ ಮೊದಲು ಮನೆಯಲ್ಲಿ ಕಳೆದ ಹೊತ್ತು ಬೇರೆ. ಎದೆ ಉರಿಯೆಂದು ಜೀರಿಗೆ ಕಷಾಯ ಕುಡಿದು, ಗ್ಯಾಸ್ಟ್ರಿಕ್ ಇರಬೇಕೆಂದು ಮಾತ್ರೆ ನುಂಗಿ, ಬೆಳಗಾಗಲಿ ನೋಡುವ ಎಂದು ಮಲಗುವುದು ನಮ್ಮ ಊರುಗಳಲ್ಲಿ ತೀರ ಸಾಮಾನ್ಯ. ಮಕ್ಕಳು ಗಲ್ಫಿನಲ್ಲಿದ್ದು ವಯಸ್ಸಾದ ತಂದೆತಾಯಿ ಇಬ್ಬರೇ ಇರುವ ಮನೆಗಳಲ್ಲಿ ರಾತ್ರಿ ಹೊತ್ತು ಯಾರನ್ನು ಕರೆಯಬೇಕೆಂಬುದೇ ಒಂದು ಪ್ರಶ್ನೆ.

ಹಾಗಾದರೆ ದಾರಿಯೇನು? ತಮಿಳುನಾಡು ಒಂದು ಉತ್ತರ ಕೊಟ್ಟಿದೆ. ಕ್ಯಾಥ್ ಲ್ಯಾಬ್ ಇರುವ ದೊಡ್ಡ ಆಸ್ಪತ್ರೆಯನ್ನು ಚಕ್ರದ ಗುಂಬದಂತೆ ನಡುವೆ ಇಟ್ಟು, ಸುತ್ತಲಿನ ಸಣ್ಣ ಆಸ್ಪತ್ರೆಗಳನ್ನು ಅರೆಕಾಲುಗಳಂತೆ ಅದಕ್ಕೆ ಜೋಡಿಸುವ ವ್ಯವಸ್ಥೆ ಅದು. ಸಣ್ಣ ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಫೋನಿನ ಮೂಲಕ ತಜ್ಞರಿಗೆ ಹೋಗುತ್ತದೆ. ಚುಚ್ಚುಮದ್ದು ಅಲ್ಲೇ ಬೀಳುತ್ತದೆ, ನಂತರ ರೋಗಿ ದೊಡ್ಡ ಆಸ್ಪತ್ರೆಗೆ ಸಾಗುತ್ತಾನೆ. 2017ರಲ್ಲಿ ಪ್ರಕಟವಾದ ಅಧ್ಯಯನದಂತೆ, ಈ ಜೋಡಣೆಯ ನಂತರ ಒಂದು ವರ್ಷದೊಳಗಿನ ಸಾವು ಶೇಕಡಾ 17.6ರಿಂದ 14.2ಕ್ಕೆ ಇಳಿಯಿತು. ಅಂಕಿ ಸಣ್ಣದೆನಿಸಬಹುದು. ನೂರು ಮನೆಗಳ ಪೈಕಿ ಮೂರು ಮನೆಗಳಲ್ಲಿ ಯಜಮಾನ ಉಳಿದನೆಂದರೆ ಆ ಮೂರು ಮನೆಗಳಿಗೆ ಅದು ಸಣ್ಣದಲ್ಲ. ಗೋವಾ ಕೂಡ ಬಾಂಬೋಳಿಯ ಮೆಡಿಕಲ್ ಕಾಲೇಜನ್ನು ನಡುವಿಗಿಟ್ಟು ಇದೇ ದಾರಿ ಹಿಡಿಯಿತು.

ನಮ್ಮ ರಾಜ್ಯದಲ್ಲಿ 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ತಿರುಳೂ ಇದೇ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ ಬೀಳುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಇದರಡಿ ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಹಾಸನದ ಗದ್ದಲದ ನಂತರ ಇದನ್ನು ಎಲ್ಲ ತಾಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರಕಾರ ಹೇಳಿತು. ಕರಾವಳಿಯಲ್ಲಿ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಸರಕಾರಕ್ಕಿಂತ ಮೊದಲೇ, 2018ರ ಸುಮಾರಿಗೆ, ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ ವಾಟ್ಸಾಪಿನಲ್ಲಿ ವರದಿ ನೋಡುವ ಕೆಲಸಕ್ಕೆ ಇಳಿದರು. ಇದಕ್ಕೆ ಕಟ್ಟಡವೂ ಬೇಕಾಗಲಿಲ್ಲ, ಶಿಲಾನ್ಯಾಸವೂ ಬೇಕಾಗಲಿಲ್ಲ. ರಾಜಕಾರಣಿಗಳಿಗೆ ಇಂಥ ಕೆಲಸ ರುಚಿಸದಿರುವುದಕ್ಕೆ ಅದೂ ಒಂದು ಕಾರಣವಿರಬಹುದು!

ಹಾಗೆಂದು ಚುಚ್ಚುಮದ್ದು ಸಿಕ್ಕಿತಲ್ಲ, ಇನ್ನು ಆಸ್ಪತ್ರೆ ಯಾಕೆ ಎಂದು ಸರಕಾರ ಕೈತೊಳೆದುಕೊಳ್ಳುವಂತಿಲ್ಲ. ಮದ್ದು ಎಲ್ಲರಲ್ಲೂ ಗಡ್ಡೆ ಕರಗಿಸುವುದಿಲ್ಲ. ಕರಗದಿದ್ದರೆ ತಕ್ಷಣ ಬಲೂನು ಹಾಕಲೇಬೇಕು. ಕರಗಿದರೂ 2ರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಂ ಆಗಬೇಕು. ಇತ್ತೀಚೆಗೆ ಪಾರ್ಶ್ವವಾಯು ಬಡಿದವರಿಗೆ, ರಕ್ತಸ್ರಾವ ಇರುವವರಿಗೆ, ಹೊಸದಾಗಿ ಶಸ್ತ್ರಚಿಕಿತ್ಸೆ ಆದವರಿಗೆ ಈ ಮದ್ದು ಅಪಾಯ. ಆದ್ದರಿಂದ ಉತ್ತರ ಕನ್ನಡದ ಜನರ ಬೇಡಿಕೆ ನ್ಯಾಯವಾದದ್ದೇ. 2016ರಲ್ಲಿ ಕಾರವಾರಕ್ಕೆ ಮೆಡಿಕಲ್ ಕಾಲೇಜು ಬಂತು. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಜಯದೇವದ ದೊಡ್ಡ ಆಸ್ಪತ್ರೆ ಉದ್ಘಾಟನೆಯಾಯಿತು. ಕಲ್ಯಾಣ ಕರ್ನಾಟಕಕ್ಕೆ ಸಿಕ್ಕಿದ್ದು ಕರಾವಳಿಯ ಉತ್ತರ ತುದಿಗೂ ಸಿಗಲಿ ಎಂದು ಕೇಳುವುದು ಹೊಟ್ಟೆಕಿಚ್ಚಲ್ಲ.

ಆದರೆ ಕೇಳುವಾಗ ಏನು ಕೇಳುತ್ತೇವೆಂಬುದು ಮುಖ್ಯ. ಎಷ್ಟು ಹಾಸಿಗೆ, ಎಷ್ಟು ಕೋಟಿ ಎಂದು ಕೇಳಿದರೆ ಉತ್ತರ ಸುಲಭವಾಗಿ ಸಿಗುತ್ತದೆ. ನಡುರಾತ್ರಿ ಎರಡು ಗಂಟೆಗೆ ಕ್ಯಾಥ್ ಲ್ಯಾಬ್ ತೆರೆಯಲು ತಜ್ಞರು, ತಂತ್ರಜ್ಞರು, ನರ್ಸುಗಳು ಊರಲ್ಲೇ ಇರುತ್ತಾರೆಯೇ ಎಂದು ಕೇಳಿದರೆ ಅಧಿಕಾರಿಗಳು ಕಡತ ತಿರುವಲು ತೊಡಗುತ್ತಾರೆ. ತಜ್ಞರಿಲ್ಲದ ಕ್ಯಾಥ್ ಲ್ಯಾಬ್ ಬೀಗ ಹಾಕಿದ ಕೋಣೆ, ಅಷ್ಟೆ. ಮೊದಲು ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ, ಚುಚ್ಚುಮದ್ದು, ಹೃದಯ ನಿಂತರೆ ವಿದ್ಯುದಾಘಾತ ಕೊಡುವ ಯಂತ್ರ, ಅದನ್ನು ಬಳಸಲು ಬಲ್ಲವರು. ಅದರೊಂದಿಗೇ ಜಿಲ್ಲೆಯೊಳಗೆ ಹಗಲೂ ರಾತ್ರಿಯೂ ನಡೆಯುವ ಒಂದು ಕ್ಯಾಥ್ ಲ್ಯಾಬ್. ಎರಡನ್ನೂ ಒಟ್ಟಿಗೇ ಕೇಳಬೇಕು.

ಈ ವಿಷಯದಲ್ಲಿ ನಮ್ಮ ಕ್ರೈಸ್ತಸಭೆಗೂ ಕೆಲಸವಿದೆ. 1880ರಲ್ಲಿ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಆರಂಭಿಸಿದ್ದು ಮೆಡಿಕಲ್ ಕಾಲೇಜನ್ನಲ್ಲ, ಬಡವರಿಗೆ ಹೋಮಿಯೋಪತಿ ಮದ್ದು ಕೊಡುವ ಸಣ್ಣ ಔಷಧಾಲಯವನ್ನು. ಧರ್ಮಭಗಿನಿಯರು ನಡೆಸುವ ಸಣ್ಣ ದವಾಖಾನೆಗಳು ಇಂದಿಗೂ ಅನೇಕ ಹಳ್ಳಿಗಳಲ್ಲಿವೆ. ಇಸಿಜಿ ಯಂತ್ರವೊಂದರ ಬೆಲೆ ನಮ್ಮ ಎಷ್ಟೋ ಚರ್ಚುಗಳ ವಾರ್ಷಿಕ ಹಬ್ಬದ ದೀಪಾಲಂಕಾರದ ಖರ್ಚನ್ನು ಮೀರುವುದಿಲ್ಲ. ಧರ್ಮಕೇಂದ್ರಗಳ ಪಾಲನಾ ಮಂಡಳಿಗಳು ಮುಂದಿನ ಸಭೆಯಲ್ಲಿ ಇದನ್ನು ಚರ್ಚೆಗೆ ತರಬಹುದು. ಯಂತ್ರ ಕೊಳ್ಳುವ ಮೊದಲು, ಇಲ್ಲಿಂದ ಕಳಿಸಿದ ಇಸಿಜಿಯನ್ನು ರಾತ್ರಿಯಲ್ಲೂ ನೋಡಿ ಉತ್ತರಿಸುವ ವೈದ್ಯರು ಯಾರು, ಚುಚ್ಚುಮದ್ದು ಇರುವ ಹತ್ತಿರದ ಆಸ್ಪತ್ರೆ ಯಾವುದು ಎಂಬುದನ್ನು ತಾಲೂಕು ಆರೋಗ್ಯಾಧಿಕಾರಿಯಿಂದ ಬರವಣಿಗೆಯಲ್ಲಿ ಪಡೆದು ವಾರ್ಡುಗಳ ಗುರಿಕಾರರ ಕೈಗೆ ಕೊಟ್ಟಿಡುವುದು ಒಳ್ಳೆಯದು.